ವೇಗದ ದೋಣಿಯ ಕಪ್ಲಿಂಗು: ಆಯ್ಕೆ ಮತ್ತು ಜೋಡಣೆ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ವಾಚನಾಲಯದ ಭಾಷಣಗಳಲ್ಲಿ ಸಾಹಿತ್ಯಕ್ಕೆ, ಚರಿತ್ರೆಗೆ, ಆರೋಗ್ಯಕ್ಕೆ ಸಲ್ಲುವ ಸ್ಥಾನ ಯಂತ್ರದ ಕೆಲಸಕ್ಕೆ ಸಲ್ಲುವುದು ಅಪರೂಪ. ಆದರೆ ಇಲ್ಲಿ ಸಂಜೆ ಪತ್ರಿಕೆ ಓದಲು ಬರುವವರು ಯಾರು? ವರ್ಕ್‌ಶಾಪಿನ ಫಿಟ್ಟರುಗಳಿದ್ದಾರೆ, ಲಾಂಚುಗಳಲ್ಲಿ ದುಡಿಯುವವರಿದ್ದಾರೆ, ಸ್ಟೋರಿನಲ್ಲಿ ಇಂಡೆಂಟು ಬರೆಯುವ ಗುಮಾಸ್ತರಿದ್ದಾರೆ. ಮಲ್ಪೆ, ಮಂಗಳೂರು, ಕಾರವಾರಗಳ ಕಡೆಯಿಂದ ಈ ಮುಂಬಯಿಗೆ ಬಂದವರಿಗೆ ದೋಣಿಯೇನೂ ಹೊಸದಲ್ಲ. ಬಯಲುಸೀಮೆಯಿಂದ ಬಂದವರೂ ಊರಿನಿಂದ ನೆಂಟರು ಬಂದಾಗ ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಒಮ್ಮೆಯಾದರೂ ನೀರಿನ ಮೇಲೆ ಹೋಗಿ ಬಂದವರೇ. ಆದ್ದರಿಂದ ನಾವು ಕೈಯಾರೆ ಮಾಡುವ ಕೆಲಸದ ಒಂದು ಭಾಗವನ್ನು ನಿಮ್ಮ ಮುಂದೆ ಇಡುವುದು ಅನುಚಿತವಾಗಲಾರದೆಂದು ನಂಬಿದ್ದೇವೆ.

ಎಂಜಿನ್ನು ಶಕ್ತಿಯನ್ನು ಹುಟ್ಟಿಸುತ್ತದೆ; ನೀರನ್ನು ಹಿಂದಕ್ಕೆ ತಳ್ಳಿ ದೋಣಿಯನ್ನು ಮುಂದಕ್ಕೆ ಒಯ್ಯುವುದು ಪ್ರೊಪೆಲ್ಲರು. ಇವೆರಡರ ನಡುವೆ ಶಕ್ತಿಯನ್ನು ದಾಟಿಸುವ ಒಂದು ಜೋಡಣೆ ಬೇಕು. ಅದೇ ಕಪ್ಲಿಂಗು. ಗಾತ್ರದಲ್ಲಿ ಅದು ಊಟದ ತಟ್ಟೆಯಷ್ಟೂ ಇರಲಾರದು. ಬೆಲೆಯಲ್ಲಿ ಎಂಜಿನ್ನಿನ ಒಂದು ಅಲ್ಪಾಂಶ. ಆದರೂ ಅದು ಕೈಕೊಟ್ಟರೆ ಐನೂರು ಅಶ್ವಶಕ್ತಿಯ ಎಂಜಿನ್ನು ಸುಮ್ಮನೆ ಕೂಗಿಕೊಳ್ಳುತ್ತದೆ, ದೋಣಿ ಅಲೆಗೆ ಅಡ್ಡವಾಗಿ ತೇಲುತ್ತದೆ. ದಡದಿಂದ ದೂರದಲ್ಲಿ, ಗಾಳಿ ಎದ್ದ ಹೊತ್ತಿನಲ್ಲಿ ಹೀಗಾದರೆ ಒಳಗೆ ಕುಳಿತವರ ಪಾಡೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರಿನಲ್ಲಿ ಬೇಸಾಯ ಕಂಡವರಿಗೆ ನೊಗದ ವಿಷಯ ಗೊತ್ತು. ನೊಗ ವಾರೆಯಾಗಿದ್ದರೂ ಎತ್ತು ಎಳೆಯುತ್ತದೆ, ಗಾಡಿ ಸಾಗುತ್ತದೆ. ಆದರೆ ನಾಲ್ಕು ದಿನದಲ್ಲಿ ಎತ್ತಿನ ಹೆಗಲು ಹುಣ್ಣಾಗುತ್ತದೆ. ಕಪ್ಲಿಂಗಿನ ಕಥೆಯೂ ಅದೇ. ವಾರೆಯಾಗಿ ಕೂಡಿಸಿದ ಎಂಜಿನ್ನು ಮೊದಲ ದಿನವೇ ನಿಲ್ಲುವುದಿಲ್ಲ, ಓಡುತ್ತದೆ. ಓಡುತ್ತದೆಂಬ ಕಾರಣಕ್ಕೇ ನಾವು ಸರಿಯಾಗಿದೆ ಎಂದು ನಂಬಿಬಿಡುತ್ತೇವೆ. ಅದರಲ್ಲೂ ರಬ್ಬರು ಸೇರಿದ ಬಗ್ಗುವ ಕಪ್ಲಿಂಗಿದ್ದರೆ, “ಅದು ಬಗ್ಗುತ್ತದಲ್ಲ, ಸ್ವಲ್ಪ ಆಚೀಚೆ ಇದ್ದರೇನು?” ಎಂಬ ಮಾತು ವರ್ಕ್‌ಶಾಪುಗಳಲ್ಲಿ ದಿನವೂ ಕೇಳಿಬರುತ್ತದೆ. ಈ ಮಾತು ತಪ್ಪು. ಬಗ್ಗುವ ಕಪ್ಲಿಂಗು ವಾರೆಯನ್ನು ಕೆಲವು ಕಾಲ ತಾಳಿಕೊಳ್ಳುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಅಳತೆಯಿಂದ ಆರಿಸಿ, ಅಳತೆಯಿಂದ ಕೂಡಿಸಬೇಕು ಎಂಬುದೇ ಇಂದಿನ ನಮ್ಮ ಮಾತಿನ ಸಾರ.

ಒಂದು ಸಣ್ಣ ಲೆಕ್ಕ ನೋಡಿ. ವೇಗದ ದೋಣಿಯ ಎಂಜಿನ್ನು ನಿಮಿಷಕ್ಕೆ ೫,೦೦೦ ಸುತ್ತು ತಿರುಗುತ್ತದೆ ಎನ್ನಿ. ಗಂಟೆಗೆ ೩,೦೦,೦೦೦ ಸುತ್ತಾಯಿತು. ಎಂಜಿನ್ನಿನ ನೇರವೂ ಶಾಫ್ಟಿನ ನೇರವೂ ಒಂದಾಗಿರದಿದ್ದರೆ, ಕಪ್ಲಿಂಗಿನ ರಬ್ಬರು ಪ್ರತಿ ಸುತ್ತಿನಲ್ಲಿಯೂ ಒಮ್ಮೆ ಒಂದು ಬದಿಗೆ ಹಿಗ್ಗಿ ಇನ್ನೊಂದು ಬದಿಗೆ ಕುಗ್ಗಬೇಕು. ಒಂದು ಗಂಟೆಯಲ್ಲಿ ಮೂರು ಲಕ್ಷ ಬಾರಿ! ಹೀಗೆ ಹಿಸುಕಾಡಿದ ರಬ್ಬರು ಒಳಗೊಳಗೇ ಬಿಸಿಯಾಗುತ್ತದೆ. ಬಿಸಿಯಾದದ್ದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ನಿಧಾನ ತಿರುಗುವ ಹಳೆಯ ಲಾಂಚಿನಲ್ಲಿ ವರ್ಷಗಟ್ಟಲೆ ನಡೆದುಹೋಗುವ ಓರೆ, ವೇಗದ ದೋಣಿಯಲ್ಲಿ ಒಂದು ಹಂಗಾಮು ಕೂಡ ನಡೆಯಲಾರದು.

ಇನ್ನು ಆಯ್ಕೆಯ ವಿಷಯ. ಎಷ್ಟು ಅಶ್ವಶಕ್ತಿಯ ಎಂಜಿನ್ನು ಎಂದು ಕೇಳಿ ಅಷ್ಟಕ್ಕೇ ಕಪ್ಲಿಂಗು ತರುವುದು ರೂಢಿ. ಆದರೆ ಕಪ್ಲಿಂಗು ಹೊರುವುದು ಅಶ್ವಶಕ್ತಿಯನ್ನಲ್ಲ, ತಿರುಚುವ ಬಲವನ್ನು. ಇದನ್ನೇ ನಾವು ಟಾರ್ಕು ಎನ್ನುವುದು. ಅದರ ಸೂತ್ರ ಬಹಳ ಸುಲಭ: ಕಿಲೋವ್ಯಾಟಿನ ಅಂಕಿಯನ್ನು ೯,೫೫೦ರಿಂದ ಗುಣಿಸಿ, ನಿಮಿಷದ ಸುತ್ತುಗಳಿಂದ ಭಾಗಿಸಿದರೆ ನ್ಯೂಟನ್ ಮೀಟರಿನಲ್ಲಿ ಟಾರ್ಕು ಬರುತ್ತದೆ.

ಎರಡು ದೋಣಿಗಳನ್ನು ಹೋಲಿಸೋಣ. ಒಂದು ವೇಗದ ದೋಣಿ: ೩೭೫ ಕಿಲೋವ್ಯಾಟ್, ಅಂದರೆ ಸುಮಾರು ೫೦೦ ಅಶ್ವಶಕ್ತಿ, ನಿಮಿಷಕ್ಕೆ ೫,೦೦೦ ಸುತ್ತು. ಲೆಕ್ಕ ಹಾಕಿದರೆ ಎಂಜಿನ್ನಿನ ಬಾಯಲ್ಲಿ ಸುಮಾರು ೭೧೬ ನ್ಯೂಟನ್ ಮೀಟರ್. ಇನ್ನೊಂದು ಮೀನಿನ ದೋಣಿ: ೯೦ ಕಿಲೋವ್ಯಾಟ್, ಸುಮಾರು ೧೨೦ ಅಶ್ವಶಕ್ತಿ, ೧,೮೦೦ ಸುತ್ತು. ಎಂಜಿನ್ನಿನ ಬಾಯಲ್ಲಿ ಸುಮಾರು ೪೭೭. ಆದರೆ ಮೀನಿನ ದೋಣಿಯ ಗೇರುಪೆಟ್ಟಿಗೆ ವೇಗವನ್ನು ಮೂರರಲ್ಲಿ ಒಂದಕ್ಕೆ ಇಳಿಸುತ್ತದೆ ಎಂದುಕೊಂಡರೆ, ಅದರಾಚೆಯ ಶಾಫ್ಟಿನಲ್ಲಿ ಟಾರ್ಕು ಮೂರು ಪಟ್ಟಾಗಿ ೧,೪೩೦ ದಾಟುತ್ತದೆ. ಹಾಗಾದರೆ ೧೨೦ ಅಶ್ವಶಕ್ತಿಯ ದೋಣಿಯ ಶಾಫ್ಟು ಕಪ್ಲಿಂಗು, ೫೦೦ ಅಶ್ವಶಕ್ತಿಯ ದೋಣಿಯಲ್ಲಿ ಎಂಜಿನ್ನಿಗೆ ತಾಗಿದ ಕಪ್ಲಿಂಗಿಗಿಂತ ಎರಡು ಪಟ್ಟು ಹೊರಬೇಕು! ಕಪ್ಲಿಂಗು ಗೇರಿನ ಈಚೆಗೋ ಆಚೆಗೋ ಎಂಬುದನ್ನು ಮೊದಲು ಕೇಳಬೇಕಾದದ್ದು ಇದಕ್ಕಾಗಿಯೇ.

ಈ ಅಂಕಿ ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಎಂಜಿನ್ನು ಕೊಡುವ ಬಲ ನೀರಿನ ಪ್ರವಾಹದಂತೆ ಸಮನಾಗಿ ಹರಿದು ಬರುವುದಿಲ್ಲ. ಸಿಲಿಂಡರು ಸಿಡಿದಾಗಲೆಲ್ಲ ಒಂದೊಂದು ತಳ್ಳು. ನಾಲ್ಕು ಹೊಡೆತದ, ಎಂಟು ಸಿಲಿಂಡರಿನ ಎಂಜಿನ್ನಿನಲ್ಲಿ ಸುತ್ತಿಗೆ ನಾಲ್ಕು ತಳ್ಳು. ಎಂಜಿನ್ನು ನಿಧಾನಗತಿಯಲ್ಲಿ ಗುರುಗುಟ್ಟುವಾಗ ಈ ತಳ್ಳುಗಳು ಬಿಡಿಬಿಡಿಯಾಗಿ ಬಂದು ಗೇರಿನ ಹಲ್ಲುಗಳನ್ನು ಕಟಕಟನೆ ಬಡಿಯುತ್ತವೆ. ರಬ್ಬರು ಇದ್ದರೆ ಈ ಪೆಟ್ಟನ್ನು ಅದು ನುಂಗಿಕೊಳ್ಳುತ್ತದೆ. ಅದರ ಮೇಲೆ ವೇಗದ ದೋಣಿಗೆ ಇನ್ನೊಂದು ಕಷ್ಟ. ಅದು ಅಲೆಯ ನೆತ್ತಿಯಿಂದ ಹಾರಿದಾಗ ಪ್ರೊಪೆಲ್ಲರು ಗಾಳಿಯಲ್ಲಿ ಬರಿದೇ ತಿರುಗುತ್ತದೆ; ಹೊರೆ ಇಲ್ಲದ ಎಂಜಿನ್ನು ಒಮ್ಮೆಗೇ ವೇಗ ಹೆಚ್ಚಿಸಿಕೊಳ್ಳುತ್ತದೆ. ಮರುಕ್ಷಣ ಪ್ರೊಪೆಲ್ಲರು ನೀರಿಗೆ ಬಿದ್ದು ತಡೆಯಲ್ಪಡುತ್ತದೆ. ಆ ಪೆಟ್ಟು ಮೊದಲು ಬೀಳುವುದು ಪ್ರೊಪೆಲ್ಲರಿನಿಂದ ಎಂಜಿನ್ನಿನವರೆಗಿನ ಜೋಡಣೆಗಳ ಮೇಲೆಯೇ. ವಿದೇಶಗಳ ಕಡಲ ಪಂದ್ಯದ ದೋಣಿಗಳಲ್ಲಿ ಚುಕ್ಕಾಣಿ ಹಿಡಿಯುವವನೊಬ್ಬ, ಥ್ರಾಟಲು ಹಿಡಿಯುವವನೇ ಬೇರೊಬ್ಬ ಇರುವುದುಂಟು. ದೋಣಿ ಗಾಳಿಯಲ್ಲಿರುವಾಗ ಎಂಜಿನ್ನನ್ನು ಇಳಿಸಿ, ನೀರು ಮುಟ್ಟಿದ ಮೇಲೆ ಏರಿಸುವುದು ಅವನ ಕೆಲಸದಲ್ಲಿ ಮುಖ್ಯವಾದದ್ದು.

ಈ ಪೆಟ್ಟುಗಳಿಗೆಲ್ಲ ಸೇರಿಸಿ ತಯಾರಕರು ತಮ್ಮ ಕ್ಯಾಟಲಾಗಿನಲ್ಲಿ ಒಂದು ಗುಣಕವನ್ನು ಕೊಟ್ಟಿರುತ್ತಾರೆ. ಲೆಕ್ಕದ ಟಾರ್ಕನ್ನು ಅದರಿಂದ ಗುಣಿಸಬೇಕು. ಉದಾಹರಣೆಗೆ ಗುಣಕ ೨ ಎಂದಿದ್ದರೆ, ನಮ್ಮ ೭೧೬ಕ್ಕೆ ೧,೪೩೨ ನ್ಯೂಟನ್ ಮೀಟರ್ ತಾಳುವ ಕಪ್ಲಿಂಗು ಬೇಕು. ಅಂಗಡಿಯವರು ಹೇಳಿದ “ಇದು ಐನೂರಕ್ಕೆ ನಡೆಯುತ್ತದೆ” ಎಂಬ ಮಾತಿಗಿಂತ ಈ ಒಂದು ಗುಣಾಕಾರ ಹೆಚ್ಚು ನಂಬಿಕೆಗೆ ಯೋಗ್ಯ.

ಹಾಗಿದ್ದರೆ ಎಲ್ಲಕ್ಕಿಂತ ಗಟ್ಟಿಯಾದದ್ದನ್ನೇ, ರಬ್ಬರಿಲ್ಲದ ಉಕ್ಕಿನದನ್ನೇ ಹಾಕಬಾರದೇಕೆ ಎಂದು ಕೇಳಬಹುದು. ಪಂದ್ಯದ ದೋಣಿಗಳಲ್ಲಿ ಹಾಗೆ ಹಾಕುವವರೂ ಉಂಟು. ಆದರೆ ಉಕ್ಕು ಪೆಟ್ಟನ್ನು ನುಂಗುವುದಿಲ್ಲ, ಮುಂದಿನವನಿಗೆ ದಾಟಿಸುತ್ತದೆ. ಮುಂದಿನದೆಂದರೆ ಗೇರಿನ ಹಲ್ಲು, ಶಾಫ್ಟು, ಬೇರಿಂಗು. ಕಪ್ಲಿಂಗು ಬದಲಿಸುವ ಖರ್ಚೆಲ್ಲಿ, ಗೇರುಪೆಟ್ಟಿಗೆ ಬಿಚ್ಚುವ ಖರ್ಚೆಲ್ಲಿ! ಅಲ್ಲದೆ ಗಟ್ಟಿ ಜೋಡಣೆಗೆ ನೇರವೂ ಅಷ್ಟೇ ಕಟ್ಟುನಿಟ್ಟಾಗಿರಬೇಕು. ಇನ್ನೊಂದು ಕಡೆ, ತೀರ ಮೆತ್ತಗಿನ ರಬ್ಬರು ಹೆಚ್ಚು ಬಲಕ್ಕೆ ಹರಿದುಹೋಗುತ್ತದೆ. ಆದ್ದರಿಂದ ದುಡಿಯುವ ದೋಣಿಗೆ ಸರಿಯಾದದ್ದು, ಬೇಕಾದ ಬಲವನ್ನು ತಾಳುವವುಗಳಲ್ಲಿ ಪೆಟ್ಟನ್ನೂ ನುಂಗುವಂಥದು. ಕೆಲವು ಮಾದರಿಗಳಲ್ಲಿ ರಬ್ಬರು ಹರಿದರೂ ಒಳಗಿನ ಲೋಹದ ಹಲ್ಲುಗಳು ಒಂದನ್ನೊಂದು ಹಿಡಿದುಕೊಂಡು ದೋಣಿಯನ್ನು ನಿಧಾನವಾಗಿ ದಡಕ್ಕೆ ತರುವ ಏರ್ಪಾಡು ಇರುತ್ತದೆ. ಜನರನ್ನು ಒಯ್ಯುವ ದೋಣಿಗೆ ಇದು ಕೊಂಚ ಹೆಚ್ಚು ಬೆಲೆಯಾದರೂ ಕೊಳ್ಳತಕ್ಕದ್ದು.

ಈಗ ಜೋಡಣೆಗೆ ಬರೋಣ. ದೋಣಿಯಲ್ಲಿ ಎಂಜಿನ್ನು ಕೂರುವ ರೀತಿ ಮುಖ್ಯವಾಗಿ ಎರಡು. ಮೊದಲನೆಯದು ಹಳೆಯ ಪದ್ಧತಿ: ಎಂಜಿನ್ನು ದೋಣಿಯ ಒಳಗೆ ಮುಂದಕ್ಕೆ, ಅದರ ಹಿಂದೆ ಗೇರುಪೆಟ್ಟಿಗೆ, ಅಲ್ಲಿಂದ ಉದ್ದನೆಯ ಶಾಫ್ಟು ತಳವನ್ನು ತೂರಿ ನೀರಿಗಿಳಿಯುತ್ತದೆ. ನಮ್ಮ ಕರಾವಳಿಯ ಮೀನಿನ ದೋಣಿಗಳಿಗೂ ಇಲ್ಲಿಯ ಲಾಂಚುಗಳಿಗೂ ಇದೇ ರೂಢಿ. ಎರಡನೆಯದು ಸ್ಟರ್ನ್ ಡ್ರೈವು: ಎಂಜಿನ್ನು ದೋಣಿಯ ಹಿಂಗೋಡೆಗೆ ಒರಗಿ ಒಳಗೆ ಕೂರುತ್ತದೆ, ಗೇರೂ ಪ್ರೊಪೆಲ್ಲರೂ ಗೋಡೆಯ ಹೊರಗೆ, ಎತ್ತಿ ಇಳಿಸಬಹುದಾದ ಒಂದು ಕಾಲಿನಂತೆ ತೂಗುತ್ತವೆ. ಸ್ವೀಡನ್ನಿನ ವೋಲ್ವೋ ಪೆಂಟಾ ಕಂಪನಿ ೧೯೫೯ರಲ್ಲಿ ಆಕ್ವಾಮ್ಯಾಟಿಕ್ ಎಂಬ ಹೆಸರಿನಿಂದ ಇದನ್ನು ಮಾರುಕಟ್ಟೆಗೆ ತಂದಿತು. ಅದರ ಹಿಂದಿದ್ದವರಲ್ಲಿ ಜಿಮ್ ವಿನ್ ಎಂಬ ಅಮೆರಿಕನ್ ಎಂಜಿನಿಯರು ಮುಖ್ಯರು. ೧೯೬೧ರಲ್ಲಿ ಅಮೆರಿಕದಲ್ಲಿ ಮರ್ಕ್ರೂಸರು ಬಂದಿತು. ಅಂದಿನಿಂದ ವೇಗದ ದೋಣಿಗಳಲ್ಲಿ ಈ ಪದ್ಧತಿ ಬಹಳವಾಗಿ ಹರಡಿತು.

ಮೊದಲ ಪದ್ಧತಿಯ ದೋಣಿಯನ್ನು ನೀರಿನಲ್ಲಿ ತೇಲುತ್ತಿರುವಾಗಲೇ ನೇರಮಾಡಬೇಕು. ದಡದ ಮೇಲೆ ದಿಮ್ಮಿಗಳ ಮೇಲೆ ಕೂರಿಸಿದ ದೋಣಿಯ ಆಕಾರ ಬೇರೆ, ನೀರು ಸುತ್ತಲಿಂದ ಎತ್ತಿ ಹಿಡಿದಾಗಿನ ಆಕಾರ ಬೇರೆ. ಮರದ ದೋಣಿಯಾಗಲಿ ಫೈಬರಿನದಾಗಲಿ ಸ್ವಲ್ಪ ಬಾಗಿಯೇ ಬಾಗುತ್ತದೆ. ದಡದಲ್ಲಿ ನೇರಮಾಡಿದ್ದು ನೀರಿಗಿಳಿದ ಮೇಲೆ ವಾರೆಯಾಗುವುದು ಇದರಿಂದಲೇ. ಆದಕಾರಣ ದಡದಲ್ಲಿ ಅಂದಾಜಿನ ಜೋಡಣೆ ಮಾಡಿ, ನೀರಿಗಿಳಿಸಿ, ಒಂದು ದಿನವಾದರೂ ತೇಲಲು ಬಿಟ್ಟು, ಎಣ್ಣೆಯ ಟಾಂಕಿಗಳಲ್ಲಿ ಎಂದಿನಷ್ಟು ಭಾರ ಇಟ್ಟು, ಆಮೇಲೆ ಕೊನೆಯ ಅಳತೆ ತೆಗೆಯಬೇಕು.

ಅಳತೆಯ ಕ್ರಮ ಇದು. ಕಪ್ಲಿಂಗಿನ ಬೋಲ್ಟುಗಳನ್ನು ಬಿಚ್ಚಿ ಎರಡು ಫ್ಲೇಂಜುಗಳನ್ನು ಸ್ವಲ್ಪ ಅಗಲಿಸಿ. ಶಾಫ್ಟು ಹಿಂದಕ್ಕೆ ಜಾರಿ ಹೋಗದಂತೆ ಮೊದಲೇ ಕಟ್ಟಿಡಿ. ಅದು ಪೂರ್ತಿ ಜಾರಿದರೆ ಆ ತೂತಿನಿಂದ ಕಡಲೇ ಒಳಗೆ ಬರುತ್ತದೆ. ಬಿಟ್ಟ ಶಾಫ್ಟಿನ ತುದಿ ತನ್ನ ಭಾರಕ್ಕೆ ತಾನೇ ಜೋತು ಬೀಳುತ್ತದೆ. ಅದನ್ನು ಅದರ ಸಹಜ ನೆಲೆಗೆ ಎತ್ತಿ ಆಧಾರ ಕೊಡಬೇಕು. ಈಗ ಎರಡು ಮುಖಗಳನ್ನು ಹತ್ತಿರ ತನ್ನಿ. ಒಂದರ ನಡುವಿನ ಉಬ್ಬು ಇನ್ನೊಂದರ ನಡುವಿನ ಕುಳಿಗೆ ಬಲಪ್ರಯೋಗವಿಲ್ಲದೆ ಕೂರಬೇಕು. ಕೂರದಿದ್ದರೆ ಎಂಜಿನ್ನು ಮೇಲಕ್ಕೋ ಕೆಳಕ್ಕೋ ಪಕ್ಕಕ್ಕೋ ಇದೆ ಎಂದರ್ಥ. ಇದು ಮೊದಲ ಬಗೆಯ ತಪ್ಪು: ಎರಡು ಗೆರೆಗಳು ಸಮಾನಾಂತರವಾಗಿದ್ದರೂ ಒಂದೇ ಗೆರೆಯ ಮೇಲಿಲ್ಲ.

ಎರಡನೆಯ ಬಗೆಯ ತಪ್ಪು ಕೋನದ್ದು. ಮುಖಗಳನ್ನು ಮುಟ್ಟಿಸಿ, ಗಡಿಯಾರದ ಮುಖದಲ್ಲಿರುವಂತೆ ಹನ್ನೆರಡು, ಮೂರು, ಆರು, ಒಂಬತ್ತು ಗಂಟೆಗಳ ಜಾಗಗಳಲ್ಲಿ ಫೀಲರ್ ಗೇಜು ತೂರಿಸಿ ಸಂದನ್ನು ಅಳೆಯಿರಿ. ಅತಿ ಹೆಚ್ಚಿನ ಸಂದಿಗೂ ಅತಿ ಕಡಿಮೆ ಸಂದಿಗೂ ಇರುವ ವ್ಯತ್ಯಾಸ ಫ್ಲೇಂಜಿನ ಅಗಲದ ಪ್ರತಿ ಅಂಗುಲಕ್ಕೆ ಒಂದು ಸಾವಿರಾಂಶ ಅಂಗುಲ ಮೀರಬಾರದೆಂಬುದು ಸಾಮಾನ್ಯ ನಿಯಮ. ಫ್ಲೇಂಜು ಎಷ್ಟೇ ಅಗಲವಿರಲಿ, ಮೂರು ಸಾವಿರಾಂಶ ಅಂಗುಲ, ಅಂದರೆ ೦.೦೮ ಮಿಲಿಮೀಟರಿನೊಳಗೇ ತರುವುದು ಒಳ್ಳೆಯ ಮೇಸ್ತ್ರಿಗಳ ಪದ್ಧತಿ. ಹೆಚ್ಚು ಕಡಿಮೆ ಒಂದು ತಲೆಗೂದಲಿನ ದಪ್ಪ! ತಯಾರಕರ ಪುಸ್ತಕದಲ್ಲಿ ಇನ್ನೂ ಬಿಗಿಯಾದ ಅಂಕಿ ಇದ್ದರೆ ಅದನ್ನೇ ಪಾಲಿಸಬೇಕು.

ಈಗ ಬಹಳ ಜನ ಬಿಟ್ಟುಬಿಡುವ ಒಂದು ಪರೀಕ್ಷೆ. ಎಂಜಿನ್ನಿನ ಫ್ಲೇಂಜನ್ನು ಅಲುಗಿಸದೆ, ಶಾಫ್ಟಿನ ಫ್ಲೇಂಜನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಹೆಚ್ಚಿನ ಸಂದು ಮೊದಲಿದ್ದ ಜಾಗದಲ್ಲೇ ನಿಂತರೆ ತಪ್ಪು ಎಂಜಿನ್ನಿನ ಕೂರುವಿಕೆಯಲ್ಲಿದೆ. ಸಂದು ಶಾಫ್ಟಿನ ಜೊತೆಗೇ ತಿರುಗಿ ಎದುರು ಬದಿಗೆ ಹೋದರೆ ಶಾಫ್ಟು ಬಾಗಿದೆ, ಇಲ್ಲವೇ ಆ ಫ್ಲೇಂಜಿನ ಮುಖ ಸೊಟ್ಟಗಿದೆ. ಆಗ ಎಂಜಿನ್ನನ್ನು ಎಷ್ಟು ಏರಿಸಿ ಇಳಿಸಿದರೂ ಪ್ರಯೋಜನವಿಲ್ಲ. ಶಾಫ್ಟನ್ನು ಬಿಚ್ಚಿ ಲೇತಿಗೆ ಕೊಡಬೇಕು. ಐದು ನಿಮಿಷದ ಈ ಪರೀಕ್ಷೆ ಎರಡು ದಿನದ ವ್ಯರ್ಥ ದುಡಿಮೆಯನ್ನು ಉಳಿಸುತ್ತದೆ.

ತಪ್ಪು ಎಂಜಿನ್ನಿನದೇ ಆಗಿದ್ದರೆ ಎಷ್ಟು ಸರಿಸಬೇಕು? ಇದೂ ಲೆಕ್ಕವೇ. ಕೆಳಗಿನ ಸಂದು ದೊಡ್ಡದಾಗಿದ್ದರೆ ಎಂಜಿನ್ನಿನ ಮುಂಭಾಗ ಎತ್ತರವಾಗಿದೆ, ಅದನ್ನು ಇಳಿಸಬೇಕು. ಮೇಲಿನ ಸಂದು ದೊಡ್ಡದಾಗಿದ್ದರೆ ಮುಂಭಾಗವನ್ನು ಏರಿಸಬೇಕು. ಫ್ಲೇಂಜಿನ ಅಗಲ ೧೨೫ ಮಿಲಿಮೀಟರು, ಸಂದಿನ ವ್ಯತ್ಯಾಸ ೦.೨೫ ಮಿಲಿಮೀಟರು, ಮುಂದಿನ ಹಿಂದಿನ ಮೌಂಟುಗಳ ನಡುವಿನ ದೂರ ೧,೦೦೦ ಮಿಲಿಮೀಟರು ಎನ್ನಿ. ೦.೨೫ನ್ನು ೧೨೫ರಿಂದ ಭಾಗಿಸಿ ೧,೦೦೦ದಿಂದ ಗುಣಿಸಿದರೆ ೨ ಮಿಲಿಮೀಟರು. ಎರಡೂ ಮುಂಮೌಂಟುಗಳನ್ನು ಸಮನಾಗಿ ಅಷ್ಟು ಸರಿಸಿ ಮತ್ತೆ ಅಳೆಯಬೇಕು. ಏಕೆಂದರೆ ಮುಂಭಾಗ ಅಲುಗಿದಾಗ ಹಿಂಭಾಗದ ಎತ್ತರವೂ ತುಸು ಬದಲಾಗುತ್ತದೆ. ನಟ್ಟುಗಳನ್ನು ಬಿಗಿದ ಮೇಲೆ ಇನ್ನೊಮ್ಮೆ ಅಳೆಯಬೇಕು. ಬಿಗಿಯುವಾಗಲೇ ಎಂಜಿನ್ನು ಕೂದಲೆಳೆಯಷ್ಟು ಓಡುವುದುಂಟು. ಫ್ಲೇಂಜುಗಳ ನಡುವೆ ಬಗ್ಗುವ ಕಪ್ಲಿಂಗು ಹಾಕುವುದಿದ್ದರೂ ಮೊದಲು ಅದಿಲ್ಲದೆ ಬರಿಯ ಫ್ಲೇಂಜುಗಳನ್ನೇ ನೇರಮಾಡಿ, ಆಮೇಲೆ ಅದನ್ನು ನಡುವೆ ಇಡಬೇಕು. ಹೊಸ ರಬ್ಬರು ಮೌಂಟುಗಳು ಕೆಲವು ಗಂಟೆ ಓಡಿದ ಮೇಲೆ ಭಾರಕ್ಕೆ ಕುಸಿಯುತ್ತವೆ. ಆಗ ಮತ್ತೊಮ್ಮೆ ನೋಡಬೇಕು.

ಇನ್ನು ಸ್ಟರ್ನ್ ಡ್ರೈವು. ಇದರಲ್ಲಿ ಕಪ್ಲಿಂಗು ಎಂಜಿನ್ನಿನ ಫ್ಲೈವೀಲಿಗೆ ಬೋಲ್ಟಾಗಿರುತ್ತದೆ. ಅದರ ಹೊರ ಸುತ್ತಿಗೂ ನಡುವಿನ ಹಲ್ಲು ಕೊರೆದ ಗುಂಡಿಗೂ ನಡುವೆ ರಬ್ಬರು. ಡ್ರೈವಿನ ಶಾಫ್ಟು ಹಿಂಗೋಡೆಯಲ್ಲಿರುವ ಗಿಂಬಲ್ ಬೇರಿಂಗನ್ನು ತೂರಿ ಬಂದು ಈ ಹಲ್ಲುಗಳಲ್ಲಿ ಸೇರುತ್ತದೆ. ಆದ್ದರಿಂದ ಬೇರಿಂಗಿನ ನಡುವೂ ಕಪ್ಲಿಂಗಿನ ನಡುವೂ ಒಂದೇ ಗೆರೆಯಲ್ಲಿರಬೇಕು. ಎಂಜಿನ್ನಿನ ಹಿಂಭಾಗವೂ ಬೇರಿಂಗೂ ಒಂದೇ ಗೋಡೆಗೆ ಹೊಂದಿಕೊಂಡಿರುವುದರಿಂದ, ಡ್ರೈವು ಬಿಚ್ಚಿದ ಮೇಲೆ ದಡದಲ್ಲಿಯೇ ಈ ಕೆಲಸ ಮಾಡಬಹುದು.

ಇದಕ್ಕೆ ಬೇಕಾದದ್ದು ಜೋಡಣೆಯ ಸಲಾಕೆ; ಒಂದು ಭಾಗ ಬೇರಿಂಗಿನ ಅಳತೆಗೂ ತುದಿ ಕಪ್ಲಿಂಗಿನ ಹಲ್ಲಿನ ಅಳತೆಗೂ ಕಡೆದದ್ದು. ಗಿಂಬಲ್ ಬೇರಿಂಗು ತನ್ನ ಮನೆಯಲ್ಲಿ ಎಲ್ಲ ಕಡೆಗೂ ಸ್ವಲ್ಪ ವಾಲಬಲ್ಲದು. ಸಲಾಕೆಯನ್ನು ತೂರಿಸಿ ಮೆಲ್ಲಗೆ ಮೇಲೆ, ಕೆಳಗೆ, ಪಕ್ಕಕ್ಕೆ ತಟ್ಟಿ ಮೊದಲು ಅದನ್ನು ಎಂಜಿನ್ನಿನ ಕಡೆಗೆ ಮುಖಮಾಡಿಸಬೇಕು. ಅನಂತರ ಕಪ್ಲಿಂಗಿನ ಹಲ್ಲುಗಳಿಗೆ ಗ್ರೀಸು ಹಚ್ಚಿ ಸಲಾಕೆಯನ್ನು ಒಳಗೆ ಬಿಡಿ. ಎರಡು ಬೆರಳಿನ ಬಲಕ್ಕೆ ಅದು ನಯವಾಗಿ ಹೋಗಬೇಕು. ಹೋಗದಿದ್ದರೆ ಸುತ್ತಿಗೆ ಎತ್ತಬೇಡಿ. ಹೊರಗೆ ತೆಗೆದು ಗ್ರೀಸಿನ ಗುರುತು ನೋಡಿ. ಸುತ್ತಲೂ ಸಮನಾಗಿದ್ದರೆ ನೇರ ಸರಿ. ಮೇಲೆ ಮಾತ್ರ ಅಥವಾ ಕೆಳಗೆ ಮಾತ್ರ ಗಾಢವಾಗಿದ್ದರೆ ಎಂಜಿನ್ನಿನ ಎರಡೂ ಮುಂಮೌಂಟುಗಳನ್ನು ಒಂದೇ ಅಳತೆಯಲ್ಲಿ ಏರಿಸಿಯೋ ಇಳಿಸಿಯೋ ಮತ್ತೆ ನೋಡಬೇಕು. ಫ್ಲೈವೀಲನ್ನು ಕಾಲು ಸುತ್ತು ತಿರುಗಿಸಿದಾಗಲೂ ಸಲಾಕೆ ಅಷ್ಟೇ ನಯವಾಗಿ ಹೋಗಬೇಕು. ಎಷ್ಟು ತಿದ್ದಿದರೂ ನೇರ ನಿಲ್ಲದಿದ್ದರೆ ಎಂಜಿನ್ನು ಕೂತ ತೊಲೆಯನ್ನು ತಟ್ಟಿ ನೋಡಿ. ಒಳಗೆ ಮರ ಕೊಳೆತಿದ್ದರೆ ಮೌಂಟು ಕುಸಿಯುತ್ತಲೇ ಇರುತ್ತದೆ.

ಬಹಳ ವೇಗದ ದೋಣಿಗಳಲ್ಲಿ ಭಾರವನ್ನು ಹಂಚುವುದಕ್ಕಾಗಿ ಎಂಜಿನ್ನನ್ನು ಮುಂದಕ್ಕೆ ಸರಿಸಿ, ಡ್ರೈವಿಗೂ ಅದಕ್ಕೂ ನಡುವೆ ಕಾರ್ಡನ್ ಜಾಯಿಂಟುಗಳ ಶಾಫ್ಟು ಹಾಕುವುದುಂಟು. ಲಾರಿಯ ಕೆಳಗೆ ತಿರುಗುವುದನ್ನು ನೀವೆಲ್ಲ ನೋಡಿದ್ದೀರಿ. ಇದಕ್ಕೆ ಮೂರು ನಿಯಮ. ಎರಡೂ ತುದಿಯ ಕೋನಗಳು ಸಮನಾಗಿರಬೇಕು. ಎರಡೂ ತುದಿಯ ಕವಲುಗಳು ಒಂದೇ ಸಮದಲ್ಲಿರಬೇಕು. ಕೋನ ಚಿಕ್ಕದಾಗಿರಬೇಕು, ಆದರೆ ಸೊನ್ನೆಯಾಗಿರಬಾರದು. ಕೋನ ೧೦ ಡಿಗ್ರಿ ಇದ್ದರೆ ನಡುವಿನ ಶಾಫ್ಟಿನ ವೇಗ ಪ್ರತಿ ಸುತ್ತಿನಲ್ಲಿ ಎರಡು ಬಾರಿ ನೂರಕ್ಕೆ ಒಂದೂವರೆಯಷ್ಟು ಏರಿಳಿಯುತ್ತದೆ. ೩ ಡಿಗ್ರಿಯಲ್ಲಿ ಇದು ನೂರಕ್ಕೆ ೦.೧೪ ಮಾತ್ರ. ಕೋನ ಸೊನ್ನೆಯೇ ಆದರೆ ಜಾಯಿಂಟಿನ ಸೂಜಿ ರೋಲರುಗಳು ಅಲುಗದೆ ಒಂದೇ ಜಾಗವನ್ನು ಬಡಿದು ಗುಳಿ ಮಾಡುತ್ತವೆ. ಆದ್ದರಿಂದ ಒಂದರಿಂದ ಮೂರು ಡಿಗ್ರಿಯೊಳಗೆ ಇಡುವುದು ಲೇಸು.

ಕಪ್ಲಿಂಗು ಕೆಡುವ ಮುನ್ನ ಸೂಚನೆ ಕೊಡುತ್ತದೆ. ದೋಣಿ ನಡೆಸುವವರು ಇವನ್ನು ನೆನಪಿಡಬೇಕು. ಗೇರು ಹಾಕಿದಾಗ ಕರಕರ ಸದ್ದು ಬಂದರೆ ಹಲ್ಲು ಸವೆದಿದೆ. ಎಂಜಿನ್ನಿನ ಕೂಗು ಏರಿದರೂ ದೋಣಿಯ ವೇಗ ಏರದೆ, ಸುಟ್ಟ ರಬ್ಬರಿನ ವಾಸನೆ ಬಂದರೆ ನಡುವಿನ ಗುಂಡಿ ರಬ್ಬರಿನಿಂದ ಕಿತ್ತು ಬರಿದೇ ತಿರುಗುತ್ತಿದೆ. ಫ್ಲೈವೀಲಿನ ಮನೆಯ ತಳದಲ್ಲಿ ಕಪ್ಪು ಪುಡಿ ಕಂಡರೆ ರಬ್ಬರು ಅರೆದುಹೋಗುತ್ತಿದೆ. ಹಲ್ಲಿನ ಮೇಲೆ ತುಕ್ಕಿನ ಕೆಂಪು ಕಂಡರೆ ಗ್ರೀಸು ಒಣಗಿದೆ, ಇಲ್ಲವೇ ಹಿಂಗೋಡೆಯ ರಬ್ಬರು ಬೆಲ್ಲೋಸು ಹರಿದು ಉಪ್ಪುನೀರು ಒಳಬಂದಿದೆ. ವರ್ಷಕ್ಕೊಮ್ಮೆಯಾದರೂ ಹಲ್ಲಿಗೆ ಗ್ರೀಸು, ನೇರದ ಪರೀಕ್ಷೆ, ಬೆಲ್ಲೋಸಿನ ತಪಾಸಣೆ ನಡೆಯಲೇಬೇಕು. ಹೊಸ ಕಪ್ಲಿಂಗು ಹಾಕುವಾಗ ಹಳೆಯದು ಕೆಟ್ಟ ಕಾರಣವನ್ನು ಹುಡುಕದೆ ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಗುಮಾಸ್ತ ಬಂಧುಗಳಿಗೆ ಒಂದು ಮಾತು. ಕೆಟ್ಟ ಜೋಡಣೆ ಎಷ್ಟೋ ಸಲ ಕಾಗದದ ಮೇಲೆಯೇ ಹುಟ್ಟುತ್ತದೆ. “ಬೋಟ್ ಕಪ್ಲಿಂಗ್, ಒಂದು” ಎಂದು ಇಂಡೆಂಟು ಬರೆದರೆ ಅಂಗಡಿಯವನು ಅಗ್ಗದ್ದನ್ನು ಕೊಡುತ್ತಾನೆ. ಅದು ಕೂರದಿದ್ದಾಗ ಫಿಟ್ಟರು ತೂತನ್ನು ಅರದಿಂದ ಅಗಲಿಸುತ್ತಾನೆ. ಇಂಡೆಂಟಿನಲ್ಲಿ ಇಷ್ಟು ಇರಲಿ: ಎಂಜಿನ್ನಿನ ಹೆಸರು ಮತ್ತು ನಂಬರು, ಕಿಲೋವ್ಯಾಟು, ಗರಿಷ್ಠ ಸುತ್ತುಗಳು, ಗೇರಿನ ಇಳಿತ, ಕಪ್ಲಿಂಗು ಗೇರಿನ ಯಾವ ಬದಿಗೆ, ಶಾಫ್ಟಿನ ವ್ಯಾಸ ಅಥವಾ ಹಲ್ಲುಗಳ ಸಂಖ್ಯೆ, ಬೋಲ್ಟುಗಳ ಸಂಖ್ಯೆ ಮತ್ತು ಅವು ಕೂತ ವೃತ್ತದ ವ್ಯಾಸ, ಬೇಕಾದ ಟಾರ್ಕು. ಬೋಲ್ಟುಗಳೂ ಹೇಳಿದ ದರ್ಜೆಯವೇ ಆಗಿರಬೇಕು. ಈ ನಾಲ್ಕು ಸಾಲು ಬರೆಯಲು ಫಿಟ್ಟರನ್ನು ಕೇಳಬೇಕಾದರೆ ಕೇಳಿ. ಕೇಳುವುದರಲ್ಲಿ ಸಣ್ಣತನವೇನೂ ಇಲ್ಲ. ಫಿಟ್ಟರಿಗೆ ಬರೆಯಲು ಬಾರದಿದ್ದರೆ ನೀವು ಬರೆದುಕೊಡಿ. ಅಂಗಿಯ ಕಾಲರಿನ ಬಣ್ಣ ಬೇರೆಯಾದರೂ ಕೆಲಸ ಒಂದೇ.

ಕೊನೆಯದಾಗಿ ಪರೀಕ್ಷೆಯ ಓಟ. ಕೈಯಿಂದ ಶಾಫ್ಟು ತಿರುಗಿಸುವಾಗ ಬ್ಯಾಟರಿಯ ತಂತಿ ಬಿಚ್ಚಿರಬೇಕು. ಓಡುವ ಶಾಫ್ಟಿನ ಹತ್ತಿರ ಸಡಿಲ ಅಂಗಿ, ಹೆಗಲ ಮೇಲಿನ ಟವೆಲು ಬೇಡ. ನೀರಿನಲ್ಲಿ ಮೊದಲು ನಿಧಾನ, ಆಮೇಲೆ ಹಂತಹಂತವಾಗಿ ವೇಗ. ಜನರ ಓಡಾಟದ ದಾರಿಯಲ್ಲಿ ಪರೀಕ್ಷೆ ಸಲ್ಲದು. ೨೦೨೪ನೆಯ ಇಸವಿ ಡಿಸೆಂಬರ್ ೧೮ರಂದು ಇದೇ ಮುಂಬಯಿಯ ನೀರಿನಲ್ಲಿ, ಎಂಜಿನ್ ಪರೀಕ್ಷೆಗೆಂದು ಓಡುತ್ತಿದ್ದ ನೌಕಾಪಡೆಯ ವೇಗದ ದೋಣಿಯೊಂದು ಹತೋಟಿ ತಪ್ಪಿ ಎಲಿಫೆಂಟಾಕ್ಕೆ ಹೊರಟಿದ್ದ ನೀಲಕಮಲ ಎಂಬ ಪ್ರಯಾಣಿಕರ ದೋಣಿಗೆ ಬಡಿಯಿತು. ಹನ್ನೆರಡಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದರ ಕಾರಣವನ್ನು ವಿಚಾರಿಸುವುದು ಇಂದಿನ ವಿಷಯವಲ್ಲ. ಆದರೆ ರಿಪೇರಿಯಾಗಿ ಬಂದ ಎಂಜಿನ್ನನ್ನು ಪರೀಕ್ಷೆ ಮುಗಿಯುವ ತನಕ ನಂಬಬಾರದು, ನಂಬದ ಎಂಜಿನ್ನನ್ನು ಜನರ ನಡುವೆ ಓಡಿಸಬಾರದು ಎಂಬ ಪಾಠವನ್ನು ಮರೆಯುವಂತಿಲ್ಲ.

ಬಾಂಧವರೇ, ಲಾಂಚು ಹತ್ತುವವರು ಕಪ್ಲಿಂಗನ್ನು ನೋಡುವುದಿಲ್ಲ. ಅದನ್ನು ಕೂಡಿಸಿದವನ ಮುಖವನ್ನೂ ನೋಡುವುದಿಲ್ಲ. ಹಲಗೆಯ ಕೆಳಗೆ, ಎಣ್ಣೆಯ ಕತ್ತಲೆಯಲ್ಲಿ ಬೆನ್ನು ಬಾಗಿಸಿ ಅವನು ಫೀಲರ್ ಗೇಜು ಹಿಡಿದನೇ ಅಥವಾ ಕಣ್ಣಂದಾಜಿನಿಂದ ನಟ್ಟು ಬಿಗಿದನೇ ಎಂಬುದು ಅವನಿಗೊಬ್ಬನಿಗೇ ಗೊತ್ತು. ಅವರೆಲ್ಲರ ಕ್ಷೇಮ ಆ ಒಂದು ತಲೆಗೂದಲಿನ ಅಳತೆಯ ಮೇಲೆ ನಿಂತಿದೆ. ಫೀಲರ್ ಗೇಜಿನ ಬೆಲೆ ಅಲ್ಪ. ಅದನ್ನು ಬಳಸಲು ಬೇಕಾದ ಲೆಕ್ಕ ಪ್ರಾಥಮಿಕ ಶಾಲೆಯದು. ಹೆಲ್ಪರನಾಗಿ ಸೇರಿದ ನಮ್ಮ ಹುಡುಗರು ಇಷ್ಟನ್ನು ಕಲಿತರೆ ಮೇಸ್ತ್ರಿಗಳಾಗುವುದಕ್ಕೆ ಯಾರ ಶಿಫಾರಸೂ ಬೇಕಾಗಿಲ್ಲ. ಕಲಿಯಬೇಕೆನ್ನುವವರು ಭಾನುವಾರ ಇಲ್ಲಿಗೇ ಬನ್ನಿ. ಹಳೆಯ ಎರಡು ಫ್ಲೇಂಜುಗಳನ್ನೂ ಒಂದು ಗೇಜನ್ನೂ ತಂದಿಡುತ್ತೇವೆ, ಮೇಜಿನ ಮೇಲೆಯೇ ಅಳೆದು ನೋಡಬಹುದು.